ಎಡಗಾಲು ಬೇಡದ ಗಾಡಿ

ಆ ಗಾಡಿಯಲ್ಲಿ ಪೆಡಲ್ ಎರಡೇ ಇದ್ದವು. ಒಂದು ಬ್ರೇಕು, ಇನ್ನೊಂದು ಎಕ್ಸಲೇಟರು. ಕ್ಲಚ್ ಇರಬೇಕಾದ ಜಾಗದಲ್ಲಿ ಬರೀ ಚಾಪೆ. ಅದು ಬಂದ ದಿನ ಸಿಂಧನೂರಿನ ಡ್ರೈವರುಗಳೆಲ್ಲ ಬಗ್ಗಿ ಬಗ್ಗಿ ನೋಡಿ, "ಹೈದರಾಬಾದಿನವ್ರು ಧಣೇರಿಗಿ ಚಲೋ ಟೋಪಿ ಹಾಕ್ಯಾರ, ಒಂದು ಪೆಡಲ್ ಕಿತ್ತಿಟ್ಕೊಂಡು ಗಾಡಿ ಮಾರ್ಯಾರ" ಎಂದು ಹೊಟ್ಟೆ ಹಿಡಿದು ನಕ್ಕರು. ನಾನೊಬ್ಬ ನಗಲಿಲ್ಲ. ನನಗೆ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ.

ಕಾಲುವೆ ಅಗೆಯುವಾಗ ನಾನು ಮಣ್ಣು ಸಾಗಿಸುವ ಲಾರಿ ನಡೆಸುತ್ತಿದ್ದೆ. ಮಸ್ಕಿ ಹತ್ತಿರ ಬಂಡೆ ಒಡೆಯುವಾಗ ಒಂದು ಕಲ್ಲು ಉರುಳಿ ಬಂದು ಪಾದದ ಮೇಲೆ ಕೂತಿತು. ರಾಯಚೂರಿನ ದವಾಖಾನೆಯಲ್ಲಿ ಕಾಲು ತೆಗೆದು ಕಟ್ಟಿಗೆಯದೊಂದನ್ನು ಕೊಟ್ಟರು. ಕಟ್ಟಿಗೆಗೆ ನಡೆಯಲು ಬರುತ್ತದೆ, ಕ್ಲಚ್ ಒತ್ತಲು ಬರುವುದಿಲ್ಲ. ಪೆಡಲ್ ಎಷ್ಟು ಒಳಗೆ ಹೋಯಿತು, ಎಷ್ಟು ಮೇಲೆ ಬಂತು ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಒಮ್ಮೆ ಹಟ ಮಾಡಿ ಲಾರಿ ಹತ್ತಿ ಹುಣಸೆ ಮರಕ್ಕೆ ಗುದ್ದಿದ್ದೂ ಆಯಿತು. ಕಾಲುವೆಗೆ ನೀರು ಬಂದು ಊರೆಲ್ಲ ಹಸಿರಾಯಿತು, ನಾನು ಮಾತ್ರ ಕಟ್ಟೆಯ ಮೇಲೆ ಕೂತೆ. ಹೆಂಡತಿ ಬಳಗಾನೂರಿಗೆ ಭತ್ತದ ನಾಟಿಗೆ ಹೋಗಿ ಬಂದು ನನಗೆ ರೊಟ್ಟಿ ಹಾಕುತ್ತಿದ್ದಳು. ಅವಳು ಒಂದು ಮಾತೂ ಆಡಲಿಲ್ಲ. ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು.

ಗಾಡಿ ಕೊಂಡವರು ಆಂಧ್ರದ ಕಡೆಯಿಂದ ಬಂದು ಕಾಲುವೆ ಬದಿಯ ಕ್ಯಾಂಪಿನಲ್ಲಿ ನೆಲೆಸಿ ಭತ್ತ ಬೆಳೆದು, ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಹಾಕಿದ ಧಣಿಗಳು. ಹೈದರಾಬಾದಿನ ಯಾವುದೋ ದೊಡ್ಡ ಮನೆಯಿಂದ ಆ ಅಮೆರಿಕದ ಮುದಿ ಗಾಡಿಯನ್ನು ತರಿಸಿದ್ದರು. ಆದರೆ ನಡೆಸುವವರು ಯಾರು? ಯಾರು ಹತ್ತಿ ಕೂತರೂ ಅವರ ಎಡಗಾಲು ತಾನಾಗಿ ಕ್ಲಚ್ ಹುಡುಕಿ ಹೋಗಿ, ಅಗಲವಾದ ಬ್ರೇಕಿನ ಮೇಲೆ ಧಪ್ಪೆಂದು ಬೀಳುತ್ತಿತ್ತು. ಹಿಂದೆ ಕೂತ ಧಣಿಗಳ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಮೂವರು ಡ್ರೈವರುಗಳು ಹೀಗೆ ಬಂದು ಹೋದ ಮೇಲೆ ನಾನು ಕುಂಟುತ್ತ ಹೋಗಿ, "ನಾ ಒಂದು ಸುತ್ತು ನೋಡ್ಲೇನ್ರಿ?" ಎಂದೆ. ಗಿರಣಿಯನ್ನು ಸುತ್ತು ಹಾಕಿ ಬಂದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಅವತ್ತೇ ಕೆಲಸ ಸಿಕ್ಕಿತು. ಧಣಿಗಳು ನನ್ನ ಕಾಲಿನ ಬಗ್ಗೆ ಏನೂ ಕೇಳಲಿಲ್ಲ. ಉದ್ದ ಪೈಜಾಮ ಹಾಕುತ್ತಿದ್ದೆ. ಕುಂಟುವುದನ್ನಂತೂ ಎಲ್ಲರೂ ನೋಡುತ್ತಿದ್ದರು.

ಕ್ಲಚ್ ಇಲ್ಲದೆ ಗೇರು ಹೇಗೆ ಬದಲಾಗುತ್ತದೆ ಎಂಬುದು ನನ್ನ ತಲೆಯಲ್ಲಿ ಗುಂಗಿ ಹುಳದಂತೆ ಕೊರೆಯುತ್ತಿತ್ತು. ಹೈದರಾಬಾದಿನಿಂದ ಗಾಡಿ ತಂದು, ಹೊಸ ಡ್ರೈವರ್ ಸಿಗುವ ತನಕ ಉಳಿದಿದ್ದ ಮುದುಕ ಡ್ರೈವರ್ ವಾಪಸ್ ಬಸ್ಸು ಹತ್ತುವ ಮೊದಲು ಅವನನ್ನು ಹಿಡಿದು ಕೇಳಿದ್ದೆ. "ಎಣ್ಣಿನೇ ಇದರ ಕ್ಲಚ್ಚು ತಮ್ಮಾ. ಒಳಗೊಂದು ಪಂಪ್ ಐತಿ. ಅದು ಎಣ್ಣಿ ಒತ್ತತೈತಿ, ಎಣ್ಣಿ ಗೇರು ಹಿಡಿತೈತಿ" ಎಂದು ಹೇಳಿ, ಕೆಂಪು ಎಣ್ಣೆಯ ಎರಡು ಡಬ್ಬಿಗಳನ್ನು ಕೈಗಿಟ್ಟು ಹೋದ. ಎಣ್ಣೆ ಗೇರು ಹಿಡಿಯುವುದೆಂದರೆ ಏನು ಎಂದು ಎಷ್ಟೋ ದಿನ ಯೋಚಿಸಿದೆ. ಡಬ್ಬಿಗಳಿಗೆ ಕೆಲಸವೇ ಬೀಳಲಿಲ್ಲ. ಗಿರಣಿಯ ಇಂಜಿನ್ನಿಗೆ ಮಾಡುವ ಪದ್ಧತಿಯಂತೆ ದಿನಾ ಮುಂಜಾನೆ, ಇಂಜಿನ್ ಚಾಲೂ ಮಾಡುವ ಮೊದಲು, ಗೇರಿನ ಎಣ್ಣೆಯ ಅಳತೆಕಡ್ಡಿ ಎಳೆದು ಹತ್ತಿಯಿಂದ ಒರೆಸಿ ನೋಡುತ್ತಿದ್ದೆ. ಯಾವಾಗಲೂ ಗೀಟಿನ ತನಕ ಎಣ್ಣೆ ಇರುತ್ತಿತ್ತು. ಡಬ್ಬಿಗಳು ಶೆಡ್ಡಿನಲ್ಲಿ ನನಗೆ ಕೂರುವ ಮಣೆಯಾದವು.

ಎರಡು ಸುಗ್ಗಿ ಚೆನ್ನಾಗಿ ಓಡಿತು. ಆಮೇಲೆ ಗಾಡಿ ಕುಂಯ್ ಎನ್ನಲು ಶುರುಮಾಡಿತು. ಮೊದಮೊದಲು ಸೊಳ್ಳೆಯಷ್ಟು. ಬರುಬರುತ್ತ ಲಿಂಗಸುಗೂರಿನ ಕಚೇರಿ ಮುಂದೆ ನಿಲ್ಲಿಸಿದರೆ ಒಳಗಿನ ಗುಮಾಸ್ತರು ಕಿಟಕಿಗೆ ಬಂದು ನೋಡುವಷ್ಟು. ಧಣಿಗಳಿಗೆ ಮರ್ಯಾದೆಯ ಪ್ರಶ್ನೆ. "ಏಮಯ್ಯಾ ಡ್ರೈವರ್, ನಾಯಿಮರಿ ತುಳದಂಗ ಆಗ್ತೈತಲ್ಲ!" ಎಂದು ದಿನಾ ರೇಗುತ್ತಿದ್ದರು. ಮಸ್ಕಿಯ ಏರಿನಲ್ಲಿ ಇಂಜಿನ್ ಒದರುತ್ತಿತ್ತು, ಗಾಡಿ ಮಾತ್ರ ಏರುತ್ತಿರಲಿಲ್ಲ. ಅದು ಸಾಲದೆಂಬಂತೆ ಇನ್ನೊಂದು ಬೈಗುಳವೂ ನನ್ನ ತಲೆಗೆ ಬಿತ್ತು. ಗಾಡಿ ನಿಲ್ಲಿಸಿದ ಕಡೆ ನೆಲದ ಮೇಲೆ ಕೆಂಪು ಕಲೆ. "ಬಂಗಾರದಂಥ ಗಾಡಿ ಕೆಳಗ ಎಲೆಅಡಿಕಿ ಉಗುಳ್ತೀಯಾ? ಥೂ!" ನಾನು ಉಗುಳಿಲ್ಲವೆಂದು ಆಣೆ ಮಾಡಲು ಬಾಯಿ ತೆರೆದರೆ, ಬಾಯಿ ಕೆಂಪಗೇ ಇತ್ತು. ಹಮಾಲರೂ ನನ್ನನ್ನು ನೋಡಿ ನಕ್ಕರು. ಅವರ ಬಾಯೂ ಕೆಂಪಗೇ ಇತ್ತು.

ಲಿಂಗಸುಗೂರಿನಿಂದ ಮಿಸ್ತ್ರಿಯನ್ನು ಕರೆಸಿದರು. ಲಾರಿ, ಟ್ರಾಕ್ಟರ್ ಏನೇ ಇರಲಿ, ಕಣ್ಣು ಮುಚ್ಚಿ ಬಿಚ್ಚಿ ಕೂಡಿಸುವ ಮನುಷ್ಯ. ಕೆಳಗೆ ಮಲಗಿ ಕೇಳಿ, "ಗೇರಿನ ಹಲ್ಲು ಸವದಾವ್ರಿ ಧಣೇರ. ಈ ಡಬ್ಬಾದ ಸಾಮಾನು ಈ ಮುಲ್ಕಿನಾಗ ಸಿಗಂಗಿಲ್ಲ. ಇದನ್ನ ತಗದು ಲಾರಿ ಗೇರ್‌ಬಾಕ್ಸ್ ಕೂಡಿಸ್ತೀನಿ. ಕ್ಲಚ್ ಇಡ್ತೀನಿ. ಯಾವ ಡ್ರೈವರ್ ಬೇಕಾದ್ರೂ ನಡಿಸ್ತಾನ" ಎಂದ. ಧಣಿಗಳು ಹೂಂ ಅಂದರು. ವಾರದೊಳಗೆ ಗೇರ್‌ಬಾಕ್ಸ್ ಬಂದು ಗಿರಣಿಯ ಬೇವಿನ ಮರದ ಕೆಳಗೆ ಕೂತಿತು. ಸಂತೆಯ ಮರುದಿನ ಬಿಚ್ಚುವುದೆಂದು ಮಾತಾಯಿತು.

ಯಾವ ಡ್ರೈವರ್ ಬೇಕಾದರೂ ನಡೆಸುತ್ತಾನಂತೆ! ಅಂದರೆ ನನ್ನೊಬ್ಬನನ್ನು ಬಿಟ್ಟು.  ನನ್ನನ್ನು ಕೆಲಸದಿಂದ ಬಿಡಿಸಲು ಇದೊಂದು ನೆಪ, ಬಾಯಿಬಿಟ್ಟು ಹೇಳಲು ಧಣಿಗಳಿಗೆ ನಾಚಿಕೆ, ಅಷ್ಟೇ ಎಂದುಕೊಂಡೆ. ಕೇಳಿಕೊಳ್ಳುವ ಜಾತಿ ನಾನಲ್ಲ. ಮನೆಯಲ್ಲಿ ಹೆಂಡತಿ, "ಹೋಗಿ ಒಂದು ಮಾತು ಹೇಳ್ರಿ" ಎಂದರೆ, "ಕಾಲು ಹೋಗೈತಿ, ಮಾನಾನೂ ಹೋಗ್ಬೇಕೇನು?" ಎಂದು ಅವಳ ಮೇಲೆ ಹಾರಿಬಿದ್ದೆ. ಅವಳು ಮತ್ತೆ ನಾಟಿಗೆ ಕೆಲಸ ಇದೆಯೇ ಎಂದು ವಿಚಾರಿಸಲು ಹೋದಳು.

ಆದರೂ ಆ ಸಪ್ಪಳ ನನ್ನನ್ನು ಬಿಡಲಿಲ್ಲ. ಕೆಲಸ ಹೋಗುವುದಾದರೆ ಹೋಗಲಿ, ಏನು ಅಳುತ್ತಿದೆ ಎಂದಾದರೂ ಗೊತ್ತಾಗಬೇಡವೇ? ಹಲ್ಲು ಸವೆದಿದ್ದರೆ ಗಾಡಿ ಓಡುವಾಗ ಅಳಬೇಕು. ಇದು ನಿಂತಲ್ಲೇ, ಚಕ್ರ ತಿರುಗದಿದ್ದರೂ ಅಳುತ್ತಿತ್ತು. ಇಂಜಿನ್ ಏರಿಸಿದರೆ ಅಳುವೂ ಏರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರಿನ ಡಬ್ಬಕ್ಕೆ ತಾಗಿಸಿ, ಹಿಡಿಗೆ ಕಿವಿ ಕೊಟ್ಟು ಹಿಂದಿನಿಂದ ಮುಂದಕ್ಕೆ ಹುಡುಕಿದೆ. ಹಿಂದೆ ಸಣ್ಣಗೆ, ಇಂಜಿನ್ ಕಡೆಯ ತುದಿಯಲ್ಲಿ ಕಿವಿ ತೂತಾಗುವ ಹಾಗೆ. ಆ ತುದಿಯಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ.

ಸಂತೆಯ ದಿನ ಧಣಿಗಳನ್ನು ಬಳಗಾನೂರಿನ ಹತ್ತಿರದ ಗದ್ದೆಗೆ ಕರೆದುಕೊಂಡು ಹೋದೆ. ಮೇಲಿನ ಹಳ್ಳಿಗಳವರು ನೀರು ತಿರುಗಿಸಿಕೊಂಡು ಕಾಲುವೆಯಲ್ಲಿ ನೀರು ಇಳಿದಿತ್ತು. ದಂಡೆಯ ಮೇಲೆ ಡೀಸೆಲ್ ಪಂಪು ನಡೆದಿತ್ತು. ನಾನು ಗಾಡಿ ಬಂದ್ ಮಾಡಿದೆ. ಅಳು ನಿಲ್ಲಲಿಲ್ಲ! ಕೀಲಿ ಕೈಯಲ್ಲಿದೆ, ಇಂಜಿನ್ ಬಂದ್ ಆಗಿದೆ, ಕುಂಯ್ ಎನ್ನುವುದು ಮಾತ್ರ ಹಾಗೇ ಇದೆ.  ಆಗ ಧಣಿಗಳು ಕೆಳಗಿಳಿದು ಪಂಪಿನವನ ಮೇಲೆ ಕೂಗಿದರು:

"ಏಯ್, ಕಣ್ಣು ಕಾಣಂಗಿಲ್ಲೇನು? ಪೈಪು ನೀರಿನಿಂದ ಮ್ಯಾಲ ಬಂದೈತಿ, ಗಾಳಿ ಎಳಿಯಾಕತ್ತೈತಿ! ಬಂದ್ ಮಾಡು, ಸುಟ್ಟು ಹೋಗ್ತೈತಿ!"

ಪಂಪು ಬಂದ್ ಆಯಿತು. ಅಳುವೂ ನಿಂತಿತು. ನಾನು ಸ್ಟೇರಿಂಗ್ ಹಿಡಿದುಕೊಂಡು ಹುಚ್ಚನಂತೆ ನಕ್ಕೆ. ಅದೇ ಸಪ್ಪಳ! ಅದೇ ರಾಗ! ಮುದುಕ ಹೇಳಿದ್ದ ನಮ್ಮ ಗಾಡಿಯ ಪಂಪೂ ಗಾಳಿ ಎಳೆಯುತ್ತಿದೆ.

ಆದರೆ ಮುಂಜಾನೆ ತಾನೆ ಕಡ್ಡಿ ನೋಡಿದ್ದೆ, ಗೀಟಿನ ತನಕ ಎಣ್ಣೆ ಇತ್ತು. ದಾರಿಯುದ್ದಕ್ಕೂ ಇದೇ ಯೋಚನೆ. ಗದ್ದೆಯ ಪಂಪು ನಿಂತಾಗ ಪೈಪಿನೊಳಗಿನ ನೀರೆಲ್ಲ ಭರ್ ಅಂತ ವಾಪಸ್ ಕಾಲುವೆಗೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾದರೆ ಗಾಡಿ ನಿಂತಾಗ ಮೇಲೇರಿದ ಎಣ್ಣೆಯೂ ಕೆಳಗಿಳಿದು ಕೂಡುತ್ತಿರಬೇಕಲ್ಲ? ನಾನು ದಿನಾ ನೋಡುತ್ತಿದ್ದದ್ದು ಮಲಗಿದ ಎಣ್ಣೆಯನ್ನು. ಎದ್ದು ಓಡಾಡುವಾಗ ಎಷ್ಟು ಉಳಿಯುತ್ತದೆಂದು ಯಾರು ನೋಡಿದ್ದರು?

ಗಿರಣಿಗೆ ಬಂದವನೇ ಇಂಜಿನ್ ಬಂದ್ ಮಾಡದೆ ಬಾನೆಟ್ ಎತ್ತಿದೆ. ಮರುದಿನದ ಕೆಲಸಕ್ಕೆಂದು ಆಗಲೇ ಬಂದಿದ್ದ ಮಿಸ್ತ್ರಿ ಓಡಿ ಬಂದ. "ಲೇ, ಹುಚ್ಚು ಹಿಡದೈತೇನು? ಚಾಲೂ ಇಂಜಿನ್ನಿಗಿ ಕಡ್ಡಿ ಎಳಿತಾರೇನು? ಬಿಸಿ ಎಣ್ಣಿ ಮಾರಿಗಿ ಹಾರತೈತಿ!" ಗಿರಣಿಯ ಇಂಜಿನ್ನಿಗೆ ಹಾಗೆ ಯಾರೂ ಮಾಡುತ್ತಿರಲಿಲ್ಲ. ನನಗೂ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಮುಖ ಆಚೆ ತಿರುಗಿಸಿ ಎಳೆದೆ. ಕಡ್ಡಿಯ ತುದಿಯಲ್ಲಿ ಎರಡು ಗುಳ್ಳೆ ನೊರೆ, ಅಷ್ಟೇ. ಉಳಿದದ್ದು ಒಣಗಿತ್ತು.

ಮಿಸ್ತ್ರಿ ಕಡ್ಡಿ ಇಸಿದುಕೊಂಡು ನೋಡಿದ. ಹೋಗಿ ನನ್ನ ಮಣೆಯಾಗಿದ್ದ ಡಬ್ಬಿ ತಂದ. ಇಂಜಿನ್ ನಡೆದಿರುವಂತೆಯೇ ಕಡ್ಡಿಯ ಕೊಳವೆಯಲ್ಲಿ ಹೊಯ್ದೆವು. ಅರ್ಧ ಡಬ್ಬಿ ಇಳಿಯುವಷ್ಟರಲ್ಲಿ ಅಳು ತಗ್ಗಿತು. ಇನ್ನಷ್ಟು ಹೊಯ್ದ ಮೇಲೆ ನಿಂತೇ ಹೋಯಿತು. ಗಿರಣಿಯ ಯಂತ್ರದ ಪಟ್ಟಿ ತಿರುಗುವ ಸಪ್ಪಳ ಅವತ್ತೇ ಮೊದಲ ಸಲ ಕೇಳಿದಂತಿತ್ತು. "ಅಲ್ಲಾ ಕಸಮ್!" ಎಂದ ಮಿಸ್ತ್ರಿ. ಆಮೇಲೆ ಹುಬ್ಬು ಗಂಟಿಕ್ಕಿ, "ಅಲ್ಲ, ಇಷ್ಟು ದಿನದ ಎಣ್ಣಿ ಎಲ್ಲಿ ಹೋತು?" ಎಂದ.

ಇಬ್ಬರೂ ನೆಲ ನೋಡಿದೆವು. ಕೆಂಪು ಕಲೆ. ಮಿಸ್ತ್ರಿ ಬೆರಳಲ್ಲಿ ಒರೆಸಿ ಮೂಸಿದ. "ಇದು ಎಲೆಅಡಿಕಿ ಅಲ್ಲೋ ಮಾರಾಯ!"

"ನಾ ಉಗುಳಿಲ್ಲಂತ ಬಾಯಿ ಹರಕೊಂಡೆ, ಯಾರರ ಕೇಳಿದ್ರಾ?" ಎಂದು ಇಡೀ ಗಿರಣಿಗೆ ಕೇಳುವಂತೆ ಕೂಗಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮರುದಿನ ಲಾರಿಯ ಗೇರ್‌ಬಾಕ್ಸಿನ ಬದಲು ಕೆಳಗಿನ ಎಣ್ಣೆ ತಟ್ಟೆಯನ್ನು ಬಿಚ್ಚಿದೆವು. ಅದರ ಅಂಚಿನ ಕಾರ್ಕ್ ಒಣಗಿ ಬಿರಿದಿತ್ತು. ಎಣ್ಣೆ ಸೋಸುವ ಜಾಳಿಗೆಗೆ ಹತ್ತಿಯ ಎಳೆ ಮೆತ್ತಿಕೊಂಡಿತ್ತು, ದಿನಾ ಕಡ್ಡಿ ಒರೆಸಿದ ಹತ್ತಿ. ಮಿಸ್ತ್ರಿ ಹೊಸ ಕಾರ್ಕ್ ಹಾಳೆಯನ್ನು ತಟ್ಟೆಯ ಮೇಲಿಟ್ಟು, ಅಂಚಿನಗುಂಟ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋದ. ಅಂಚು ಇದ್ದ ಹಾಗೇ ಹಾಳೆ ತಾನೇ ಕತ್ತರಿಸಿಕೊಂಡಿತು. ಕತ್ತರಿ ಮುಟ್ಟಲೇ ಇಲ್ಲ. ನಾನು ಬಾಯಿ ತೆರೆದು ನೋಡಿದೆ. ಜಾಳಿಗೆ ತೊಳೆದು, ತಟ್ಟೆ ಕೂಡಿಸಿ, ಎರಡನೆಯ ಡಬ್ಬಿಯನ್ನೂ ಹೊಯ್ದು, ಧಣಿಗಳನ್ನು ಹತ್ತಿಸಿಕೊಂಡು ಮಸ್ಕಿಗೆ ಹೊರಟೆವು. ಏರು ಬಂತು. ಗಾಡಿ ಏರಿತು. ಹಿಂದಿನ ಸೀಟಿನಲ್ಲಿ ಧಣಿಗಳು ಗೊರಕೆ ಹೊಡೆಯುತ್ತಿದ್ದದ್ದು ಕೇಳಿಸಿತು.

ಬರುವಾಗ ಮಿಸ್ತ್ರಿಗೆ ಆಸೆಯಾಯಿತು. "ನಾನೂ ಒಂದೀಟು ನಡಿಸ್ಲಾ?" ಕೊಟ್ಟೆ. ಗಿರಣಿಯ ಬಾಗಿಲಲ್ಲಿ ತಿರುಗುವಾಗ ಅವನ ಎಡಗಾಲು ಕ್ಲಚ್ ಹುಡುಕಿ ಧಪ್ಪೆಂದು ಬ್ರೇಕ್ ತುಳಿಯಿತು. ಧಣಿಗಳ ನಿದ್ದೆ ಹಾರಿತು, ಹಣೆ ಬಡಿಯಿತು.

"ಆ ಕಾಲು ಸುಮ್ನ ಇಡು ಮಿಸ್ತ್ರಿ!" ಎಂದೆ. "ಈ ಗಾಡಿಯೊಳಗ ಅದು ಹೆಚ್ಚಿಗಿ ಸಾಮಾನು. ನನ್ನಂಗ ತಗಸಿಬಿಡು." ಎಂದು ಪೈಜಾಮ ಎತ್ತಿ ಕಟ್ಟಿಗೆಯ ಕಾಲನ್ನು ಟಕಟಕ ಬಡಿದೆ.

ಮಿಸ್ತ್ರಿ ನಕ್ಕ. ಧಣಿಗಳು ನಗಲಿಲ್ಲ. ಹಣೆ ಉಜ್ಜಿಕೊಳ್ಳುತ್ತ ನನ್ನ ಕಾಲನ್ನು ನೋಡಿದರು. ಕಿಟಕಿಯಾಚೆ ಬೇವಿನ ಕೆಳಗಿನ ಗೇರ್‌ಬಾಕ್ಸನ್ನು ನೋಡಿದರು. ತಿರುಗಿ ಕಾಲನ್ನು ನೋಡಿದರು.

"ಏಮಯ್ಯಾ... ಕಾಲು ಇಲ್ಲಾ? ಬರೀ ಕುಂಟ್ತಿ ಅಂತ ತಿಳ್ಕೊಂಡಿದ್ನಲ್ಲ ನಾ. ಆ ಡಬ್ಬಾ ಹಾಕಿದ್ರ ನೀ ಹೆಂಗ ನಡಿಸ್ತಿದ್ದಿ?"

"ನಡಸ್ತಿದ್ದಿಲ್ರಿ ಧಣೇರ. ಮನಿಗಿ ಹೋಗ್ತಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

 ಇಷ್ಟು ದಿನ ಯಾರ ಮೇಲೆ ಹಲ್ಲು ಕಡಿದಿದ್ದೆನೋ, ಆ ಮನುಷ್ಯ ನನ್ನನ್ನು ಬಿಡಿಸಲು ಯೋಚಿಸಿರಲೇ ಇಲ್ಲ. ಬಿಡಿಸಲು ಯೋಚಿಸಬೇಕಾದರೆ ಮೊದಲು ನಾನು ಅವರ ಕಣ್ಣಿಗೆ ಬೀಳಬೇಕಲ್ಲ. ಸಮಾಧಾನವಾಗಬೇಕಿತ್ತು, ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ನೀವು ಗಾಡಿ ಸಪ್ಪಳ ಕೇಳಿದ್ರಿ," ಎಂದೆ, "ನನ್ನ ಕೇಳಲಿಲ್ಲ."

 ಸಂಜೆಯೊಳಗೆ ಧಣಿಗಳು ಎತ್ತಿನ ಬಂಡಿ ತರಿಸಿ ಗೇರ್‌ಬಾಕ್ಸನ್ನು ತಾವೇ ನಿಂತು ಹೇರಿಸಿ ವಾಪಸ್ ಕಳಿಸಿದರು. ಮರುದಿನ ನಾನು ಇಂಜಿನ್ ಚಾಲೂ ಮಾಡಿ ಕಡ್ಡಿ ಎಳೆಯುವಾಗ ಪಕ್ಕದಲ್ಲಿ ಬಂದು ನಿಂತರು. ಎಣ್ಣೆ ಗೀಟಿಗೆ ಸರಿಯಾಗಿತ್ತು. ಕಡ್ಡಿ ತೋರಿಸಿದೆ. ಅವರು ಅದನ್ನು ನೋಡದೆ, "ಕಟ್ಟಿಗಿ ತಿಕ್ಕಿ ನೋವು ಆಗ್ತೈತೇನು?" ಎಂದು ಕೇಳಿದರು.

"ಆಗ್ತೈತ್ರಿ," ಎಂದೆ.