ಕಾರಂಜಿ ಮೆಟ್ಟಿದ ಅಜ್ಜಿ

ನೆಲದಿಂದ ಚಿಮ್ಮಿದ ನೀರನ್ನು ಕಂಡು ಪೈಪು ಒಡೆಯಿತೆಂದು ಅಜ್ಜಿ ಗಾಬರಿಯಾದಳು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಚಳ್ಳಕೆರೆಯ ಬಿಸಿಲು ತಾಳಲಾರದೆ ಮನೆಮಂದಿಯೆಲ್ಲ ನೀರಾಟಕ್ಕೆ ಹೊರಟಾಗ, ಈಜುಕೊಳ ಬೇಡ, ನೆಲದಿಂದ ಕಾರಂಜಿ ಚಿಮ್ಮುವ ಜಾಗವೇ ಸರಿ ಎಂದು ವಾದಿಸಿ ಗೆದ್ದವಳು ನಾನು. ಅಲ್ಲಿ ಆಳವಿಲ್ಲ, ಮಂಡಿನೋವಿನ ಅಜ್ಜಿಯೂ ನೆನೆಯಬಹುದು ಎಂಬುದು ನನ್ನ ಲೆಕ್ಕ. ಅಜ್ಜಿಯೋ, “ಈ ವಯಸ್ಸಿನಾಗೆ ನೀರಾಟ ಆಡಿದ್ರೆ ಜನ ನಗ್ತಾರೆ” ಎಂದು ಬೆಂಚು ಬಿಟ್ಟೇಳಲಿಲ್ಲ.

ಕಾರಂಜಿ ಚಿಮ್ಮಿದ್ದೇ ತಡ, ಹೊಲದಲ್ಲಿ ಒಡೆದ ಪೈಪನ್ನು ಮೆಟ್ಟುವಂತೆ ಅಜ್ಜಿ ಹೋಗಿ ನೀರು ಚಿಮ್ಮುವ ಒಂದು ತೂತಿನ ಮೇಲೆ ಹಿಮ್ಮಡಿ ಊರಿದಳು. ಪಕ್ಕದ ತೂತಿನ ನೀರು ಅವಳ ತಲೆಯ ಮೇಲೆ ಹಾರಿತು.

“ಅಜ್ಜಿ, ಒಡೆದಿಲ್ಲ. ಅದೇ ನೀರು ತಿರುಗಿ ಬರುತ್ತೆ.”

“ಮೊದ್ಲು ಆ ತೂತು ಮೆಟ್ಟೇ, ಆಮೇಲೆ ವಾದ ಮಾಡೀಯಂತೆ!”

ಅವಳ ಕೂಗಿಗೆ ಅಲ್ಲಿದ್ದ ಹೆಂಗಸರೆಲ್ಲ ಬಂದು ಒಂದೊಂದು ತೂತು ಮೆಟ್ಟಿ ನಿಂತರು. ಆಡಲು ಜಾಗವಿಲ್ಲದೆ ಮಕ್ಕಳು ಬೆಂಚಿಗೆ ಬಂದು ಕೂತವು. ಹೊರಡೋಣವೆಂದರೆ, “ಇನ್ನೂ ಆ ಮೂಲೇದು ಐತೆ ತಡಿ” ಎಂದು ಅಜ್ಜಿ ಅತ್ತ ನಡೆದಳು.

ತೊಯ್ದು ತೊಪ್ಪೆಯಾದ ಆ ಮುಖದಲ್ಲಿ ಗಾಬರಿಯಂತೂ ಇರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದೆ; ಸೆರಗು ಹಿಂಡುತ್ತಾ ಕಿಟಕಿಯತ್ತ ತಿರುಗಿದಳು. ಇಲ್ಲಿ ಮತ್ತೆ ಕೇಳುತ್ತಿದ್ದೇನೆ: ಅಜ್ಜಿ, ಪೈಪು ಒಡೆದಿಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಲ್ವಾ?