ಎರೆಮಣ್ಣಿಗೊಂದು ಮಡಿಚು ಕುರ್ಚಿ

ನಮ್ಮ ಅಡುಗೆಮನೆಯಲ್ಲಿ ಶಾಂತಾ ನಿಂತೇ ರೊಟ್ಟಿ ಬಡಿಯುತ್ತಿದ್ದಳು. ನೀವು ನಮ್ಮ ಕಡೆಯವರಾಗಿದ್ದರೆ ಈ ಮಾತಿನಲ್ಲಿರುವ ವಿಚಿತ್ರ ನಿಮಗೆ ಕೂಡಲೇ ಹೊಳೆಯುತ್ತದೆ. ಜೋಳದ ರೊಟ್ಟಿಯೆಂದರೆ ಒಲೆಯ ಮುಂದೆ ಒಂದು ಕಾಲು ಮಡಿಚಿ, ಇನ್ನೊಂದನ್ನು ಚಾಚಿ, ಹಿಟ್ಟಿನ ಪರಾತವನ್ನು ಮುಂದಿಟ್ಟುಕೊಂಡು, ಇಡೀ ಮೈಯನ್ನು ನೆಲಕ್ಕೆ ಒಪ್ಪಿಸಿ ಮಾಡುವ ಕೆಲಸ. ನನ್ನ ಹೆಂಡತಿ ಮಾತ್ರ ಆಳಂದದ ನಮ್ಮ ಬಾಡಿಗೆ ಮನೆಯಲ್ಲಿ, ಸೊಂಟದೆತ್ತರದ ಕಲ್ಲುಕಟ್ಟೆಯ ಮೇಲೆ ಸ್ಟವ್ ಹೊತ್ತಿಸಿ, ನಿಂತಲ್ಲೇ ಪಟಪಟನೆ ಬಡಿದು, ಚಂದ್ರನಷ್ಟು ದುಂಡಗಿನ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಳು. ಎಂಬತ್ತರ ದಶಕದ ಆರಂಭದ ಮಾತು. ಹೊಸದಾಗಿ ಮದುವೆಯಾದ ನಾನು ಇದನ್ನು ಯಾವುದೋ ಹೊಸ ರೂಢಿಯೆಂದುಕೊಂಡು ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದೆ.

ಅವಳು ನಡೆಯುವಾಗ ಎಡಗಡೆಗೆ ತುಸು ವಾಲುತ್ತಾಳೆಂಬುದು ಗೊತ್ತಿತ್ತು. ಎಳವೆಯಲ್ಲಿ ಜೋಳದ ಕಣಿಕೆಯ ಬಣವೆಯ ಮೇಲಿಂದ ಬಿದ್ದು ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತ್ತೆಂದು ಹೆಣ್ಣು ನೋಡುವಾಗಲೇ ಅವರ ಮನೆಯವರು ಹೇಳಿದ್ದರು. ಅದರಿಂದ ಏನೇನು ಆಗುವುದಿಲ್ಲವೆಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಕುರ್ಚಿಯ ಮೇಲೆ, ಮಂಚದ ಅಂಚಿನ ಮೇಲೆ, ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಅವಳು ಎಷ್ಟು ಹೊತ್ತಾದರೂ ಕುಳಿತಾಳು. ನೆಲಕ್ಕೆ ಕುಳಿತರೆ ಮಾತ್ರ ಮೇಲೇಳಲು ಇನ್ನೊಬ್ಬರ ಕೈ ಬೇಕು. ಆ ಕೈ ಕೇಳುವುದು ಅವಳಿಗೆ ಆಗದ ಮಾತು. ಹಾಗಾಗಿ ಮದುವೆ ಮನೆಯಲ್ಲಿ, ಸೀಮಂತದ ಮನೆಯಲ್ಲಿ, ಹೆಂಗಸರೆಲ್ಲ ಜಮಖಾನೆಯ ಮೇಲೆ ಕುಳಿತು ಹಾಡುವಾಗ ಇವಳು ಕಂಬಕ್ಕೆ ಒರಗಿ ನಿಂತಿರುತ್ತಿದ್ದಳು. ನೋಡಿದವರು ಕೆಲವರು ಸಂಕೋಚದವಳು ಎಂದರು, ಕೆಲವರು ಸೊಕ್ಕಿನವಳು ಎಂದರು. ಎರಡನ್ನೂ ಅವಳು ಅಲ್ಲಗಳೆಯಲಿಲ್ಲ.

ನನ್ನ ನೌಕರಿ ಮಣ್ಣಿನ ಸರ್ವೆಯದು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಹೊಲಗಳಲ್ಲಿ ಬೈರಿಗೆಯಿಂದ ನೆಲ ಕೊರೆದು, ಆಳಕ್ಕೊಂದರಂತೆ ಮಣ್ಣಿನ ಮಾದರಿ ತೆಗೆದು, ಚೀಲಕ್ಕೆ ತುಂಬಿ ಕಳಿಸಬೇಕು. ಹಳ್ಳಿಯಿಂದ ಹಳ್ಳಿಗೆ ಬಸ್ಸು ಇಲ್ಲದ ಕಾಲ. ಮೋಟಾರ್ ಸೈಕಲ್ಲಿಗೆ ತಾಡಪತ್ರಿಯ ಒಂದು ಡೇರೆ, ಸಣ್ಣ ಸ್ಟವ್, ಎರಡು ಕಂಬಳಿ ಕಟ್ಟಿಕೊಂಡು ಹೊರಟರೆ ಮೂರು ನಾಲ್ಕು ದಿನ ಹೊಲದಂಚಿನಲ್ಲೋ ಭೀಮೆಯ ದಂಡೆಯಲ್ಲೋ ಬಿಡಾರ. ಅದಕ್ಕೆ ನಾವು ‘ಕ್ಯಾಂಪು’ ಎನ್ನುತ್ತಿದ್ದೆವು. ತಿರುಗಿ ಬಂದು ನಾನು ಬೆಳಗಿನ ಹೊಳೆಯ ಬಣ್ಣ, ದಂಡೆಯ ಹಕ್ಕಿಗಳು, ಬಯಲಿನಲ್ಲಿ ಕುದಿಸಿದ ಚಹಾದ ರುಚಿ ಎಲ್ಲವನ್ನೂ ವರ್ಣಿಸುತ್ತಿದ್ದೆ. ಶಾಂತಾ ಸುಮ್ಮನೆ ಕೇಳುತ್ತಿದ್ದಳು. ಒಂದು ಸಂಜೆ ಮಾತ್ರ ನಡುವೆ ಕೇಳಿದಳು:

“ಅಲ್ಲಿ ನೀವು ಕುಂದರೂದು ಎಲ್ಲಿ?”

“ಎಲ್ಲೇನು, ನೆಲದ ಮ್ಯಾಲೆ.”

“ಹಂಗಾದ್ರ ನಾ ಬರೂದು ಆಗಂಗಿಲ್ಲ ಬಿಡ್ರಿ,” ಎಂದು ಒಳಗೆ ಹೋದಳು.

ಅವಳಿಗೆ ಬರುವ ಆಸೆಯಿತ್ತೆಂಬುದು ನನಗೆ ತಿಳಿದದ್ದೇ ಆಗ. ಆಮೇಲೆ ಒಂದೊಂದಾಗಿ ಹೇಳಿದಳು. ತವರಿನಲ್ಲಿ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗಿ, ಬನ್ನಿಯ ಗಿಡದ ಬುಡದಲ್ಲಿ ವರ್ತುಲವಾಗಿ ಕುಳಿತು ಭಜ್ಜಿ, ಸಜ್ಜೆಯ ರೊಟ್ಟಿ ಉಣ್ಣುವಾಗ ಇವಳನ್ನು ಬಂಡಿಯ ಮೇಲೆಯೇ ಕೂರಿಸಿ ತಾಟು ಅಲ್ಲಿಗೇ ಕೊಡುತ್ತಿದ್ದರಂತೆ. ಕಾಳಜಿಯಿಂದಲೇ ಕೊಡುತ್ತಿದ್ದರು. ಆದರೆ ಬಂಡಿ ನಿಂತದ್ದು ಮಾತು ಕೇಳಿಸದಷ್ಟು ದೂರದಲ್ಲಿ. ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದೆ, ಯಾಕೆ ನಕ್ಕರೆಂದು ಗೊತ್ತಿಲ್ಲದೆ, ಎಂದಳು.

ಹೀಗೆ ಕುರ್ಚಿಯ ಹುಡುಕಾಟ ಶುರುವಾಯಿತು. ಸಣ್ಣದಾಗಿ ಮಡಿಚಿಕೊಳ್ಳಬೇಕು, ಗಾಡಿಯ ಮಗ್ಗುಲಿಗೆ ಕಟ್ಟುವಂತಿರಬೇಕು, ಕುಳಿತವಳು ತಾನಾಗಿಯೇ ಎದ್ದೇಳುವಷ್ಟು ಎತ್ತರವಿರಬೇಕು. ಹೇಳುವುದಕ್ಕೆ ಎಷ್ಟು ಸುಲಭ! ಮೊದಲು ಆಫೀಸಿನ ಕಬ್ಬಿಣದ ಮಡಿಚು ಕುರ್ಚಿಯನ್ನೇ ಮನೆಗೆ ತಂದು, ಅಂಗಳದಲ್ಲಿ ಗಾಡಿಗೆ ಬಿಗಿದು ನೋಡಿದೆ. ಮಗ್ಗುಲಿಗೆ ಕಟ್ಟಿದರೆ ಗಾಡಿ ಒಂದೇ ಕಡೆಗೆ ಜಗ್ಗುತ್ತಿತ್ತು. ಹಿಂದಿನ ಸೀಟಿನ ಮೇಲೆ ಅಡ್ಡ ಕಟ್ಟಿದಾಗ ಭದ್ರವಾಗಿ ನಿಂತಿತು. ಗೆದ್ದವನಂತೆ ಶಾಂತಾಳ ಕಡೆ ತಿರುಗಿದೆ. ಅವಳು ಸೀಟನ್ನು ನೋಡಿದಳು, ನನ್ನನ್ನು ನೋಡಿದಳು.

“ಕುರ್ಚಿನ್ನ ಕರಕೊಂಡು ಹೋಗಿ ಬರ್ರಿ. ನಾ ಮನ್ಯಾಗ ಇರ್ತೇನಿ.”

ಮುಂದೆ ಸೊಲ್ಲಾಪುರಕ್ಕೆ ಹೋದಾಗ ಪೇಟೆಯಲ್ಲಿ ಮೂರು ಕಾಲಿನ ಒಂದು ಆಸನ ಸಿಕ್ಕಿತು. ಮೇಲೆ ದಪ್ಪ ಕ್ಯಾನ್ವಾಸು, ಮಡಿಚಿದರೆ ಛತ್ರಿಯಷ್ಟೇ. ಅದನ್ನು ಕಟ್ಟಿಕೊಂಡು ಒಂದು ಬೆಳಿಗ್ಗೆ ಇಬ್ಬರೂ ಅತನೂರಿನ ಕಡೆಯ ಒಂದು ಹೊಲಕ್ಕೆ ಹೋದೆವು. ಮಳೆ ನಿಂತು ನಾಲ್ಕಾರು ದಿನಗಳಾಗಿದ್ದವು, ಮೇಲ್ಮಣ್ಣು ಒಣಗಿದಂತೆ ಕಾಣುತ್ತಿತ್ತು. ನಾನು ಚಹಾ ಮಾಡಿ ಲೋಟವನ್ನು ಅವಳ ಕೈಗೆ ಕೊಟ್ಟೆ. ಅವಳು ಒಂದು ಗುಟುಕು ಕುಡಿದು ಬಯಲನ್ನು ನೋಡುತ್ತ ಕುಳಿತಳು. ಆಮೇಲೆ ನನ್ನ ಕಣ್ಣೆದುರಿಗೇ, ಲೋಟ ಹಿಡಿದುಕೊಂಡೇ, ಬಹಳ ನಿಧಾನವಾಗಿ, ಕೆಳಗಿಳಿಯತೊಡಗಿದಳು. ಎರೆಮಣ್ಣು ಮೂರು ಕಾಲುಗಳನ್ನೂ ಸದ್ದಿಲ್ಲದೆ ನುಂಗುತ್ತಿತ್ತು. ಅನ್ನ ಕೊಡುವ ಆ ಕಪ್ಪು ಮಣ್ಣಿನ ಗುಣಗಳನ್ನು ಆಳ ಆಳಕ್ಕೆ ಬರೆದಿಡುವುದೇ ನನ್ನ ಕಸುಬಾಗಿದ್ದರೂ, ಅದರ ಈ ಒಂದು ಗುಣ ನನಗೆ ಆ ಹೊತ್ತಿಗೆ ನೆನಪಾಗಿರಲಿಲ್ಲ. ಕೊನೆಗೆ ಅವಳು ನೆಲದ ಮಟ್ಟಕ್ಕೆ ಬಂದು ನಿಂತಳು, ಅಂದರೆ ಕುಳಿತಳು. ನಾನು ನಗಬೇಕೆಂದುಕೊಂಡವನು ಅವಳ ಮುಖ ನೋಡಿ ಲೋಟ ತೆಗೆದುಕೊಂಡೆ. ಎರಡೂ ಕೈ ಹಿಡಿದು ಎಬ್ಬಿಸಿದೆ. ಆಳಂದಕ್ಕೆ ತಿರುಗಿ ಬಂದೆವು. ಮನೆಯ ಬಾಗಿಲು ತೆಗೆಯುತ್ತ, “ಸಾಕ್ರಿ. ಇನ್ನ ಹುಡುಕಬ್ಯಾಡ್ರಿ,” ಎಂದಳು.

ನಾನು ಹುಡುಕುವುದನ್ನು ಬಿಡಲಿಲ್ಲವಾದರೂ ಹೇಳುವುದನ್ನು ಬಿಟ್ಟೆ. ಯೋಚಿಸುತ್ತ ಹೋದಂತೆ, ಕುಳಿತುಕೊಳ್ಳುವುದೆಂಬ ಸರಳ ಕ್ರಿಯೆಯ ಸುತ್ತ ಎಷ್ಟೊಂದು ಎತ್ತರ ತಗ್ಗುಗಳಿವೆಯೆಂದು ಬೆರಗಾಯಿತು. ಕಚೇರಿಯಲ್ಲಿ ಕುರ್ಚಿಯೆಂದರೆ ಅಧಿಕಾರ. ಅದಕ್ಕಾಗಿ ಜನ ಏನೇನೋ ಮಾಡುತ್ತಾರೆ. ನಮ್ಮ ಹಳ್ಳಿಯ ಪಡಸಾಲೆಯಲ್ಲಿ ಹಿರಿಯರು ಕೆಳಗೆ ಕುಳಿತಿರುವಾಗ ಅದೇ ಕುರ್ಚಿ ಅವಿಧೇಯತೆ. ಅದರಲ್ಲೂ ಮನೆಯ ಸೊಸೆಗೆ. ಆಸನಕ್ಕೂ ಆಸರೆಗೂ ಒಂದೇ ಅಕ್ಷರದ ಅಂತರ, ಆದರೆ ಮರ್ಯಾದೆಯ ಲೆಕ್ಕದಲ್ಲಿ ಅವು ಬೇರೆ ಬೇರೆ ಊರುಗಳು. ಶಾಂತಾ ಬೇಡುತ್ತಿದ್ದದ್ದು ಎರಡು ಗೇಣು ಎತ್ತರ, ಅಷ್ಟೇ. ಯಾರಿಗಿಂತಲೂ ಮೇಲೆ ಕೂರುವುದು ಅವಳಿಗೆ ಬೇಕಿರಲಿಲ್ಲ, ಎಲ್ಲರ ಜೊತೆ ಕೂರುವುದು ಬೇಕಿತ್ತು.

ಉಪಾಯ ಹೊಳೆದದ್ದು ಅವಳಿಗೇ. ನಮ್ಮ ಮಗ್ಗುಲ ಮನೆಯಲ್ಲಿ ಬಾನೂ ಖಾಲಾ ಎಂಬ ವಯಸ್ಸಾದ ಹೆಣ್ಣುಮಗಳಿದ್ದರು. ಮಧ್ಯಾಹ್ನ ಅವರು ಗ್ರಂಥ ಓದಲು ಮರದ ರೆಹಲು ಬಿಚ್ಚುತ್ತಿದ್ದರು. ಎರಡು ಹಲಗೆಗಳು ನಡುವಿನಲ್ಲಿ ಬೆರಳು ಹೆಣೆದಂತೆ ಕೂಡಿಕೊಂಡು, ಬಿಚ್ಚಿದರೆ ಕತ್ತರಿಯಂತೆ ನಿಲ್ಲುವ, ಮುಚ್ಚಿದರೆ ಒಂದೇ ಹಲಗೆಯಾಗುವ ಪೀಠ. ನಮ್ಮ ಮಠಗಳಲ್ಲಿ ಪುರಾಣ ಹೇಳುವವರ ಮುಂದೆ ಇರುವುದೂ ಅದೇ. ದಿನಾ ನೋಡುತ್ತಿದ್ದದ್ದನ್ನು ಒಂದು ದಿನ ಶಾಂತಾ ಬೇರೆ ರೀತಿಯಲ್ಲಿ ನೋಡಿದಳು. ಮನೆಗೆ ಬಂದವಳೇ ಎರಡೂ ಅಂಗೈಗಳನ್ನು ಹೆಣೆದು ನನ್ನ ಮುಂದೆ ಹಿಡಿದಳು.

“ಹಿಂಗ. ಕಾಲs ಇಲ್ಲ ನೋಡ್ರಿ ಇದಕ್ಕ. ಹಲಗಿ ಅಂಚೇ ನೆಲಕ್ಕ ಕುಂದರ್ತದ. ಮಣ್ಣಾಗ ಹೆಂಗ ಇಳೀತದ?”

ಸೊಲ್ಲಾಪುರದಲ್ಲಿ ಕೊಳವೆ ಕಾಲಿನ ಹಗುರ ಕುರ್ಚಿಯೊಂದನ್ನು ನೋಡಿಟ್ಟು ಬಂದಿದ್ದ ನಾನು ಅದರ ಮಾತೆತ್ತಿದೆ. ಅವಳು ಒಪ್ಪಲಿಲ್ಲ, ರೆಹಲಿನಂಥದ್ದನ್ನೇ ಮಾಡಿಸಬೇಕೆಂದಳು. ಆದರೆ ಬಡಿಗನ ಬಳಿ ಹೋಗುವ ಮೊದಲು ಖಾಲಾ ಅವರನ್ನು ಕೇಳಬೇಕೆಂದಳು. ಪವಿತ್ರ ಗ್ರಂಥ ಇಡುವ ಪೀಠದ ಆಕಾರದಲ್ಲಿ ಕೂರುವುದು ಅವರ ಮನಸ್ಸಿಗೆ ನೋವಾದೀತೇನೋ ಎಂಬ ಅಳುಕು. ಖಾಲಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಹೇಳಿದರು:

“ಓದೂ ರೆಹಲ್ ಬ್ಯಾರೆ, ಕುಂದರೂ ಕುರ್ಸಿ ಬ್ಯಾರೆ ಬೇಟಿ. ಕಟಿಗಿ ಅಂತೂ ಒಂದೇ ಗಿಡದ್ದು. ಮಾಡಿಸ್ಕೋ. ಮಾಡಿಸಿದ ಮ್ಯಾಲ ನನಗೂ ತೋರ್ಸು.”

ಬಡಿಗ ಎರಡು ಸಲ ಕೆಡಿಸಿ ಮೂರನೆಯ ಸಲ ಸರಿ ಮಾಡಿದ. ಒಂದು ಹಲಗೆ ಗಿಡ್ಡ, ಇನ್ನೊಂದು ಉದ್ದ. ಉದ್ದನೆಯದು ಮೇಲೆ ಚಾಚಿ ಬೆನ್ನಿಗೆ ಆಸರೆ. ನಡುವೆ ಮಂಚಕ್ಕೆ ಹೆಣೆಯುವ ನವಾರಿನ ಪಟ್ಟಿಯಿಂದ ಕೂರುವ ಜಾಗ. ಮಡಿಚಿದರೆ ಎರಡು ಬೆರಳು ದಪ್ಪ. ಗಾಡಿಯ ಮಗ್ಗುಲಿಗೆ ಬಿಗಿದಾಗ ಹಿಂದಿನ ಸೀಟು ಪೂರ್ತಿ ಖಾಲಿಯಿತ್ತು. ಶಾಂತಾ ಹೋಗಿ ಆ ಸೀಟಿನ ಮೇಲೆ ಕುಳಿತಳು.

ನಾವು ಹೊರಟದ್ದು ಮಣ್ಣೂರಿಗೆ. ಹೊಳೆಯ ದಂಡೆಯ ರೈತರೊಬ್ಬರು ತಮ್ಮ ಹೊಲದಲ್ಲಿ ಡೇರೆ ಹಾಕಿಕೊಳ್ಳಲು ಹೇಳಿ, ಹೆಣ್ಣುಮಗಳು ಬಂದಿದ್ದಾಳೆಂದು ಊಟಕ್ಕೆ ಮನೆಗೇ ಕರೆದರು. ಪಡಸಾಲೆಯಲ್ಲಿ ಅವರ ತಾಯಿ ಜಮಖಾನೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಮನೆಯ ಸೊಸೆಯರೂ ಅಕ್ಕಪಕ್ಕದವರೂ ಸುತ್ತ ಕುಳಿತಿದ್ದರು. ಶಾಂತಾ ಶರಣು ಎಂದು ಬಾಗಿದವಳು ಹೋಗಿ ಕಂಬದ ಬಳಿ ನಿಂತಳು.

“ಬಾ ತಂಗಿ, ಕುಂದ್ರು,” ಎಂದರು ಆಯಿ. ಅವಳು ನಕ್ಕು ನಿಂತೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಆಯಿಯ ಕೈ ಶೇಂಗಾದ ಮೇಲೆ ತಡೆಯಿತು. “ಯಾಕವ್ವಾ, ನಮ್ಮನ್ಯಾಗ ಕುಂದರಾಕ ಮನಸಾಗವಲ್ದೇನು?”

ಹೊರಗಿನ ಕಟ್ಟೆಯ ಮೇಲಿದ್ದ ನಾನು ಎದ್ದು ಗಾಡಿಯ ಹಗ್ಗಕ್ಕೆ ಕೈ ಹಾಕಿದೆ. ಶಾಂತಾ ಒಳಗಿಂದಲೇ ಕಣ್ಣಿನಲ್ಲಿ ಬೇಡ ಎಂದಳು. ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಎಷ್ಟೋ ಮನೆಗಳಲ್ಲಿ ಅವಳು ಇಂಥ ಹೊತ್ತಿನಲ್ಲಿ ಸುಮ್ಮನೆ ತಲೆ ತಗ್ಗಿಸಿದ್ದಳು. ಈ ಸಲ ತಗ್ಗಿಸಲಿಲ್ಲ.

“ನನಗ ನೆಲಕ್ಕ ಕುಂತ್ರ ಏಳಾಕ ಬರಂಗಿಲ್ಲ ಆಯಿ. ಚಪ್ಪಿ ಎಲುಬು ಸೊಟ್ಟ ಅದ. ಕುರ್ಚಿ ತಂದೇನಿ, ಗಾಡಿ ಮ್ಯಾಲ ಅದ. ಆದ್ರ ನೀವು ಕೆಳಗ ಕುಂತಾಗ ನಾ ಮ್ಯಾಲ ಹೆಂಗ ಕುಂದರ್ಲಿ?”

ಆಯಿ ಉಡಿಯಲ್ಲಿದ್ದ ಸಿಪ್ಪೆಯನ್ನು ಕೊಡವಿದರು.

“ಇದನ್ನ ಹೇಳಾಕ ಇಷ್ಟೊತ್ತು ನಿಂತೇನವ್ವಾ? ತರ್ರಿ ಸಾಹೇಬ್ರ, ಒಳಗ ತರ್ರಿ ಅದನ್ನ.”

ಕುರ್ಚಿ ಬಿಚ್ಚಿ ಇಟ್ಟಾಗ ಅವರು ಅದನ್ನು ಸುತ್ತಲೂ ನೋಡಿದರು. ಆಮೇಲೆ ಇಬ್ಬರು ಸೊಸೆಯರ ಹೆಗಲು ಹಿಡಿದು, ಮೊಣಕಾಲು ಒತ್ತಿಕೊಳ್ಳುತ್ತ ಎದ್ದು, ಮೊದಲು ತಾವೇ ಅದರಲ್ಲಿ ಕುಳಿತರು, ಒಬ್ಬರೇ ಎದ್ದರು, ಮತ್ತೆ ಕುಳಿತರು. “ಏಳಾಕ ಬರ್ತದಲ್ಲೇ ಇದರಾಗ,” ಎಂದು ತಮಗೆ ತಾವೇ ಹೇಳಿಕೊಂಡು, ಶಾಂತಾಳನ್ನು ರಟ್ಟೆ ಹಿಡಿದು ತಂದು ಕೂರಿಸಿದರು. ತಾವು ಅವಳ ಮಗ್ಗುಲಿಗೇ ಕುಳಿತು, ಶೇಂಗಾದ ಮೊರವನ್ನು ಅವಳ ಮಡಿಲಿಗಿಟ್ಟು, “ಸುಲಿ,” ಎಂದರು. ಸೊಸೆಯರ ಮಾತು ಬಿಟ್ಟಲ್ಲಿಂದ ಮುಂದುವರಿಯಿತು. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ಶಾಂತಾ ಕೂಡ ನಕ್ಕಳು. ಅವಳ ನಗೆ ಎಲ್ಲರದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು.

ಮರುದಿನ ಬೆಳಿಗ್ಗೆ ನಾನು ಬೈರಿಗೆ ಹಿಡಿದು ಹೊಲಗಳಿಗೆ ಹೋದೆ. ಮಧ್ಯಾಹ್ನ ತಿರುಗಿ ಬಂದಾಗ ದಂಡೆಯ ಬೇವಿನ ನೆರಳಿನಲ್ಲಿ ಕುರ್ಚಿಯ ಮೇಲೆ ಆಯಿ ಕುಳಿತಿದ್ದರು. ಶಾಂತಾ ಅವರ ಕಾಲಬುಡದಲ್ಲಿ, ನೆಲದ ಮೇಲೆ, ಕಾಲು ಚಾಚಿ, ಕುರ್ಚಿಗೆ ಒರಗಿ ಕುಳಿತು ಏನೋ ಹೇಳುತ್ತಿದ್ದಳು. ಬಿದ್ದಳೇನೋ ಎಂದು ಗಾಡಿ ನಿಲ್ಲಿಸಿ ಓಡಹೊರಟೆ. ಅವಳು ನನ್ನನ್ನು ನೋಡಿ, ತಡೆಯಿರಿ ಎಂಬಂತೆ ಅಂಗೈ ತೋರಿಸಿ, ಮಾತು ಮುಂದುವರಿಸಿದಳು. ನಾನು ಗಾಡಿಗೆ ಒರಗಿ ನಿಂತೆ. ಭೀಮೆ ತನ್ನ ಪಾಡಿಗೆ ಹರಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಆಯಿ ಎದ್ದು ಕೈ ಚಾಚಿದರು. ಶಾಂತಾ ಆ ಕೈ ಹಿಡಿದು, ಇನ್ನೊಂದು ಕೈಯಿಂದ ಕುರ್ಚಿಯನ್ನು ಒತ್ತಿ, ಮುಖ ಹಿಂಡಿಕೊಂಡು ಎದ್ದಳು. ಇಬ್ಬರೂ ಸೆರಗು ಕೊಡವಿಕೊಂಡರು.

ಆಳಂದಕ್ಕೆ ಮರಳಿದಾಗ, ಮನೆಗೆ ಹೋಗುವ ಮೊದಲು ಬಡಿಗನ ಅಂಗಡಿಯ ಮುಂದೆ ನಿಲ್ಲಿಸೆಂದಳು.

“ಇಂಥಾದ್ದು ಇನ್ನೊಂದು ಬೇಕು. ಸ್ವಲ್ಪ ಗಿಡ್ಡ ಮಾಡ್ರಿ,” ಎಂದು ಬಡಿಗನಿಗೆ ಹೇಳಿ, ಒಂದೂವರೆ ಗೇಣನ್ನು ಹಲಗೆಯ ಮೇಲೆ ತೋರಿಸಿದಳು.

“ಆಯಿಗೇನು?” ಎಂದೆ. “ಅಳತಿ ಹೆಂಗ ಗೊತ್ತಾತು ನಿನಗ?”

“ಅವರ ಮೊಣಕಾಲಿನ ಎತ್ತರ ಅದು,” ಎಂದಳು ಶಾಂತಾ. “ಅದನ್ನ ಅಳೀಬೇಕಾದ್ರ ಕೆಳಗs ಕುಂದರಬೇಕಾಗ್ತದಲ್ರಿ.”