ಮಧ್ಯಾಹ್ನದ ನಿದ್ದೆ ಕಾಯುವವರು

ಆರನೇ ಚಿಕ್ಕಮ್ಮನ ನಿಜವಾದ ಹೆಸರು ಥಾಮ್ ಎಂಬುದು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಒಡಹುಟ್ಟಿದವರ ಸಾಲಿನಲ್ಲಿ ಅವರು ಆರನೆಯವರು; ಸೈಗಾನಿನಲ್ಲಿ ಕರೆಯಲು ಅಷ್ಟು ಸಾಕು. ಹತ್ತೊಂಬತ್ತು ವರ್ಷಗಳಿಂದ ನಮ್ಮ ಹೈಸ್ಕೂಲಿನಲ್ಲಿ ಅವರದು ಒಂದೇ ಕೆಲಸ: ಊಟವಾದ ಮೇಲೆ ಹುಡುಗಿಯರನ್ನು ಮಲಗಿಸುವುದು, ಪಾಠದ ಗಂಟೆಗೆ ಎಬ್ಬಿಸುವುದು.

ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿ, ಹಸಿರು ಪರದೆ ಎಳೆದರೆ ತರಗತಿಯೊಳಗಿನ ಬೆಳಕು ಕೆರೆಯ ತಳದ ಬೆಳಕಿನಂತಾಗುತ್ತಿತ್ತು. ಹೊರಗೆ ಇಡೀ ಬೀದಿ ಮಲಗಿರುತ್ತಿತ್ತು. ಬಾಡಿಗೆ ಬೈಕಿನವನು ಸೀಟಿನ ಮೇಲೆ ಉದ್ದಕ್ಕೆ ಚಾಚಿಕೊಂಡಿದ್ದರೆ, ಹಣ್ಣಿನವಳು ಅಂಗಡಿಯ ಜೋಲಿಯಲ್ಲಿ ತೂಗುತ್ತಿದ್ದಳು. ಎಚ್ಚರವಿದ್ದವರು ಚಿಕ್ಕಮ್ಮ ಒಬ್ಬರೇ. ಬರಿಗಾಲಲ್ಲಿ ಚಾಪೆಗಳ ನಡುವೆ ನಡೆಯುತ್ತಿದ್ದರು. ನಿದ್ದೆಯನ್ನು ಅವರು ಮುಖದಲ್ಲಿ ಹುಡುಕುತ್ತಿರಲಿಲ್ಲ, ಪಾದದಲ್ಲಿ ನೋಡುತ್ತಿದ್ದರು. ನಿಜವಾಗಿ ಮಲಗಿದವಳ ಬೆರಳುಗಳು ನೀರಿನ ಮೇಲಿನ ಎಲೆಯಂತೆ ಸಡಿಲ. ನಟಿಸುವವಳ ಹೆಬ್ಬೆರಳು ನೆಟ್ಟಗೆ ನಿಂತು ಕಾವಲು ಕಾಯುತ್ತದೆ.

ಆ ವರ್ಷ ಕಿಟಕಿ ಬದಿಯ ಚಾಪೆ ಹನ್ನೆರಡನೆಯ ತರಗತಿಯ ತ್ರಿನ್‌ಳದು. ಅವಳ ಹೆಬ್ಬೆರಳು ಒಂದು ತಿಂಗಳಿಂದ ಮಲಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಸೂತ್ರಗಳನ್ನು ಬಾಯಿಪಾಠ ಮಾಡುತ್ತಾಳೆಂದು ಚಿಕ್ಕಮ್ಮನಿಗೆ ತಿಳಿದಿತ್ತು. ಜೂನಿನ ಪರೀಕ್ಷೆ ಒಂದು ಮುಗಿದುಬಿಡಲಿ ಎಂದು ಸುಮ್ಮನಿದ್ದರು. ಹಾಗೆ ಸುಮ್ಮನಿದ್ದದ್ದೇ ತನ್ನ ತಪ್ಪು ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಮೇ ತಿಂಗಳ ಆರಂಭದ ಒಂದು ಮಧ್ಯಾಹ್ನ ತ್ರಿನ್ ಬೆವೆತು, ಬಿಳುಚಿಕೊಂಡು, ಎದೆ ಹಿಡಿದು ಎದ್ದು ಕೂತಳು. ನಮ್ಮಲ್ಲಿ ಇದಕ್ಕೊಂದು ಸಿದ್ಧ ಹೆಸರಿದೆ: ಗಾಳಿ ಹಿಡಿದಿದೆ. ಸಿದ್ಧ ಮದ್ದೂ ಇದೆ: ಬೆನ್ನಿಗೆ ಘಾಟಿನ ಹಸಿರು ಎಣ್ಣೆ ಸವರಿ, ಚಮಚದ ಅಂಚಿನಿಂದ ಕೆಂಪು ಗೆರೆ ಏಳುವವರೆಗೆ ಕೆರೆಯುವುದು. ಚಿಕ್ಕಮ್ಮ ಅವಳನ್ನು ಬೋರಲು ಮಲಗಿಸಿ, ಅಳಿಲಿನ ಹಾಗೆ ಪಟ್ಟೆ ಮೂಡಿಸಿ ಕಳಿಸುತ್ತೇನೆಂದು ನಗಿಸುತ್ತ ಶುರುಮಾಡಿದರು.

ಹುಡುಗಿ ಅಲುಗಾಡದಿರಲೆಂದು ಎಡ ಅಂಗೈಯನ್ನು ಅವಳ ಬೆನ್ನ ಮೇಲೆ ಊರಿದ್ದರು. ಆ ಅಂಗೈಗೆ ಹೃದಯ ಸಿಕ್ಕಿತು. ಚಿಕ್ಕಮ್ಮ ಬೆಳೆದದ್ದು ದೋಣಿಯಲ್ಲಿ. ಕಳೆಬಳ್ಳಿ ಸುತ್ತಿಕೊಂಡ ದೋಣಿಯ ಮೋಟಾರು ಮುಂದೆ ಹೋಗಲಾರದೆ ನಿಂತಲ್ಲೇ ಹೇಗೆ ಅದುರುತ್ತದೆಂದು ಅವರಿಗೆ ಗೊತ್ತಿತ್ತು. ಎರಡನೆಯ ಗೆರೆ ಅರ್ಧಕ್ಕೇ ನಿಂತಿತು.

"ಇದು ಗಾಳಿ ಅಲ್ಲ ಕಣೆ. ಏಳು, ಡಾಕ್ಟರ ಹತ್ರ ಹೋಗೋಣ."

ಇ.ಸಿ.ಜಿ.ಯಲ್ಲಿ ವೇಗ ಬಿಟ್ಟರೆ ಬೇರೆ ದೋಷ ಕಾಣಲಿಲ್ಲ. ರಕ್ತದೊತ್ತಡ ಮಾತ್ರ, ಅರ್ಧ ಗಂಟೆ ಸುಮ್ಮನೆ ಕೂರಿಸಿ ಮತ್ತೆ ಅಳೆದರೂ, ನೂರ ನಲವತ್ತೆರಡು. ದಿನಕ್ಕೆ ಎಷ್ಟು ಹೊತ್ತು ಮಲಗುತ್ತೀಯ ಎಂದು ಡಾಕ್ಟರು ಕೇಳಿದರು. ನಾಲ್ಕು ಗಂಟೆ ಎಂದ ತ್ರಿನ್, ಮಧ್ಯಾಹ್ನದ್ದನ್ನೂ ಸೇರಿಸಹೊರಟವಳು ಚಿಕ್ಕಮ್ಮನ ಮುಖ ನೋಡಿ ತಲೆ ತಗ್ಗಿಸಿದಳು. ಎಚ್ಚರವಿರಲು ದಿನಕ್ಕೆ ಮೂರು ಲೋಟ ಐಸ್ ಕಾಫಿ ಕುಡಿಯುವುದೂ ಹೊರಬಿತ್ತು. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ನಿದ್ದೆಯಲ್ಲಿ ಹೃದಯ ನಿಧಾನಿಸುತ್ತದೆ, ಒತ್ತಡ ಇಳಿಯುತ್ತದೆ. ನಿದ್ದೆಯೂ ಇಲ್ಲ, ಹಗಲೆಲ್ಲ ಹೆದರಿಕೆ ಬೇರೆ ಎಂದರೆ ಅದಕ್ಕೆ ಇಳಿಯುವ ಹೊತ್ತೇ ಸಿಗುವುದಿಲ್ಲ. ಹದಿನೇಳಕ್ಕೆ ರೂಢಿಯಾದದ್ದು ಮೂವತ್ತಕ್ಕೂ ಜೊತೆಗೆ ಬರಬಹುದು. ಕಾಫಿ ಬಿಟ್ಟು, ಎಂಟು ಗಂಟೆಯಾದರೂ ಮಲಗಿ, ಮೂರು ವಾರ ಬಿಟ್ಟು ಬರಲಿ. ಆಗಲೂ ಇಳಿಯದಿದ್ದರೆ ಇನ್ನಷ್ಟು ತಪಾಸಣೆ, ಮಾತ್ರೆ.

ಮರುದಿನ ಮಧ್ಯಾಹ್ನ ತ್ರಿನ್‌ಳ ತಾಯಿ ತರಗತಿಯ ಬಾಗಿಲಿಗೆ ಬಂದಳು. ಬೆಳಗಿನ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಡಾಕ್ಟರು ಹೇಳಿದ್ದೆಲ್ಲ ಹಿಂದಿನ ಸಂಜೆಯೇ ತಿಳಿದಿದ್ದರೂ ಮಗಳಿಗೆ ಮಧ್ಯಾಹ್ನದ ಮನೆಪಾಠ ಗೊತ್ತುಮಾಡಿದ್ದಳು, ಕರೆದೊಯ್ಯಲು ಬಂದಿದ್ದಳು.

"ಪರೀಕ್ಷೆಗೆ ಎರಡು ತಿಂಗಳೂ ಇಲ್ಲ ಆರನೇ ಅಕ್ಕ. ಆಮೇಲೆ ಬೇಕಾದಷ್ಟು ಮಲಗ್ಲಿ. ಇವಳೂ ನನ್ ಹಾಗೆ ಮೀನು ಹೆರ್ಕೊಂಡು ಕೂರ್ಬೇಕಾ?"

"ಬೇಡ ಅನ್ನೋಕೆ ನಾನ್ಯಾರಮ್ಮ. ಈಗಷ್ಟೇ ನಿದ್ದೆ ಹತ್ತಿದೆ. ಒಳಗ್ ಹೋಗಿ ನೀನೇ ಎಬ್ಬಿಸು."

ತಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮಗಳ ಭುಜಕ್ಕೆ ಕೈ ಚಾಚಿದಳು. ತ್ರಿನ್‌ಳ ತುಟಿ ಸ್ವಲ್ಪ ತೆರೆದಿತ್ತು. ಫ್ಯಾನಿನ ಗಾಳಿಗೆ ಒಂದು ಕೂದಲು ಆ ತುಟಿಯ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಕೈ ಅಲ್ಲೇ ನಿಂತಿತು. ತಾಯಿ ಆ ಕೂದಲನ್ನು ಮೆಲ್ಲಗೆ ಸರಿಸಿ, ಚಾಪೆಯ ಅಂಚಿನಲ್ಲಿ ಕೂತಳು. ಹೊರಗೆ ಗಾಡಿಗಳ ಸದ್ದು ದೂರದ ನದಿಯಂತೆ ತೆಳುವಾಗುತ್ತ ಹೋಯಿತು. ನಸುಕಿನ ಎರಡು ಗಂಟೆಗೇ ಎದ್ದಿದ್ದವಳು. ಗೋಡೆಗೆ ಒರಗಿದ ತಲೆ ತಾನಾಗಿ ಜಾರಿ ದಿಂಬಿನ ಮೂಲೆಗೆ ಬಂತು.

ಗಂಟೆಯಾದಾಗ ಉಳಿದ ಹುಡುಗಿಯರು ಸದ್ದಿಲ್ಲದೆ ಚಾಪೆ ಸುತ್ತಿದರು. ಆ ಇಬ್ಬರನ್ನು ಸುತ್ತುಬಳಸಿ, ನಗು ತಡೆದುಕೊಂಡು ನಡೆದರು. ಚಿಕ್ಕಮ್ಮ ಮೇಷ್ಟರಿಗೆ ಹೇಳಿ ತರಗತಿಯನ್ನೇ ಪಕ್ಕದ ಕೋಣೆಗೆ ಕಳಿಸಿದರು.

ಮೂರಕ್ಕೆ ಎಚ್ಚರಾದ ತಾಯಿ ನಾಚಿ ಬಾಯಿ ಒರೆಸಿಕೊಂಡಳು. ಇನ್ನೂ ಮಲಗಿದ್ದ ಮಗಳನ್ನು ಬಹಳ ಹೊತ್ತು ನೋಡಿದಳು. ಮನೆಪಾಠದ ಮಾತು ಎತ್ತಲಿಲ್ಲ.

"ರಾತ್ರಿ ಎಷ್ಟೊತ್ತಿಗೆ ಇವಳ ಪುಸ್ತಕ ಮುಚ್ಚಿಸ್ಬೇಕು? ನಾನು ಎಂಟಕ್ಕೇ ಬಿದ್ಕೊಳ್ತೀನಿ."

"ಹತ್ತಕ್ಕೆ ಅವಳೇ ತಂದು ನಿನ್ನ ದಿಂಬಿನ ಅಡಿ ಇಡ್ಲಿ. ಮತ್ತೆ ಓದ್ಬೇಕು ಅಂದ್ರೆ ನಿನ್ ತಲೆ ಎತ್ತಿ ತಗೋಬೇಕು. ಅಷ್ಟು ಧೈರ್ಯ ಇಲ್ಲ ಬಿಡು ಅವಳಿಗೆ."

ಮೂರು ವಾರದ ಮೇಲೆ ಅಂಕಿ ನೂರ ಇಪ್ಪತ್ತಾರಕ್ಕೆ ಇಳಿದಿತ್ತು. ಇನ್ನೂ ತುಸು ಹೆಚ್ಚೇ, ಹೀಗೇ ನಡೆಯಲಿ, ಸದ್ಯಕ್ಕೆ ಮಾತ್ರೆ ಬೇಡ ಎಂದರು ಡಾಕ್ಟರು. ಶಾಲೆಯ ಕೊನೆಯ ದಿನ ತ್ರಿನ್‌ಳನ್ನು ಎಬ್ಬಿಸಲು ಚಿಕ್ಕಮ್ಮ ಮೂರು ಸಲ ಕರೆಯಬೇಕಾಯಿತು.